ಓದುಗ ಕಳಿಸಿದ ರಾಕ್ಷಸನಿಗೆ ಸಂಭಾವನೆ ಎಷ್ಟು?

2023ರ ಆಗಸ್ಟಿನಲ್ಲಿ ಬಂದ 'ಬಾಲ್ಡರ್ಸ್ ಗೇಟ್ 3' ಕಂಪ್ಯೂಟರ್ ಆಟವನ್ನು ಆಡಿದವರಿಗೆ ಲೇಜೆಲ್ ಗೊತ್ತು. ಆಟ ಶುರುವಾಗಿ ಎಲ್ಲಿದ್ದೇವೆ ಎಂದು ತಿಳಿಯುವ ಮುಂಚೆಯೇ ಕತ್ತಿ ಹಿರಿದು ಎದುರಿಗೆ ಧುಮುಕುತ್ತಾಳೆ. ಹಳದಿ-ಹಸಿರು ಮೈಬಣ್ಣ, ಚಪ್ಪಟೆ ಮೂಗು, ಆ ಮೂಗಿನ ತುದಿಯಲ್ಲೇ ಕೋಪ. ಗಿತ್‌ಯಾಂಕಿ ಎಂಬ ಕುಲದ ಯೋಧೆ. ಬೆಲ್ಜಿಯಂನ ಲೇರಿಯನ್ ಸ್ಟುಡಿಯೋಸ್ ಮಾಡಿದ ಈ ಆಟ ಆ ವರ್ಷದ 'ಗೇಮ್ ಅವಾರ್ಡ್ಸ್'ನಲ್ಲಿ ವರ್ಷದ ಆಟ ಎನಿಸಿಕೊಂಡಿತು. ಆದರೆ ಗಿತ್‌ಯಾಂಕಿ ಹುಟ್ಟಿದ್ದು ಲೇರಿಯನ್ನರ ಕಚೇರಿಯಲ್ಲಲ್ಲ. 1979ರಲ್ಲಿ ಇಂಗ್ಲೆಂಡಿನ ಶಾಲಾ ಹುಡುಗನೊಬ್ಬ ತಾನು ಓದುತ್ತಿದ್ದ ಪತ್ರಿಕೆಗೆ ಅಂಚೆಯಲ್ಲಿ ಕಳಿಸಿಕೊಟ್ಟ ಕುಲ ಅದು. ಪತ್ರಿಕೆ 'ವೈಟ್ ಡ್ವಾರ್ಫ್', ಸಂಚಿಕೆ 12. ಹುಡುಗ ಚಾರ್ಲ್ಸ್ ಸ್ಟ್ರಾಸ್; ಮುಂದೆ ಹ್ಯೂಗೋ ಪ್ರಶಸ್ತಿ ಪಡೆದ ವೈಜ್ಞಾನಿಕ ಕತೆಗಾರ.

ಅದೇ ಆಟದ ಊರು, ನದಿ, ದೇವರು, ಮಾಂತ್ರಿಕರು ಇರುವ ಜಗತ್ತಿನ ಹೆಸರು 'ಫರ್ಗಾಟನ್ ರೆಲ್ಮ್ಸ್'. ಅದನ್ನು ಕಟ್ಟಿದವನು ಎಡ್ ಗ್ರೀನ್‌ವುಡ್, ಕೆನಡಾದ ಗ್ರಂಥಾಲಯವೊಂದರಲ್ಲಿ ಕೆಲಸಕ್ಕಿದ್ದವನು. ಅವನೂ ಬಂದದ್ದು ಓದುಗನಾಗಿಯೇ. ಅಮೆರಿಕದ 'ದ ಡ್ರ್ಯಾಗನ್' ಪತ್ರಿಕೆಗೆ ತಾನು ಕಲ್ಪಿಸಿದ ಒಂದು ಜೀವಿಯ ವಿವರಣೆ ಕಳಿಸಿದ. 1979ರ ಅಕ್ಟೋಬರಿನ 30ನೇ ಸಂಚಿಕೆಯಲ್ಲಿ ಅಚ್ಚಾಯಿತು. ಒಂದೇ ವರ್ಷ, ಎರಡು ದೇಶ, ಎರಡು ಪತ್ರಿಕೆ, ಒಬ್ಬರಿಗೊಬ್ಬರು ಗೊತ್ತಿಲ್ಲದ ಇಬ್ಬರು ಓದುಗರು. ನಲವತ್ತನಾಲ್ಕು ವರ್ಷದ ಮೇಲೆ ಇಬ್ಬರ ಕಲ್ಪನೆಯೂ ಒಂದೇ ಆಟದಲ್ಲಿ ಬಂದು ಸೇರಿತು.

ಇಂಥ ಓದುಗರಿಗೆ ಪತ್ರಿಕೆಯವರು ಏನು ಕೊಡಬೇಕು? ಹವ್ಯಾಸಿಗಳ ಸಣ್ಣ ಪತ್ರಿಕೆ ನಡೆಸುವ ಯಾರನ್ನಾದರೂ ಕೇಳಿ, ಮೊದಲ ಉತ್ತರ ದುಡ್ಡಿನ ಕುರಿತೇ ಇರುತ್ತದೆ: ಕೊಡಲು ಇಲ್ಲ. ಇಲ್ಲದಿರುವುದು ನಿಜ. ಆದರೆ ಈ ಪತ್ರಿಕೆಗಳ ಅರ್ಧ ಶತಮಾನದ ಚರಿತ್ರೆ ನೋಡಿದರೆ ಜಗಳವಾದದ್ದು, ಮನಸ್ಸು ಮುರಿದದ್ದು, ಕೋರ್ಟು ಹತ್ತಿದ್ದು ಸಂಭಾವನೆ ಕಡಿಮೆಯಾಯಿತೆಂದು ಅಲ್ಲವೇ ಅಲ್ಲ. ಜಗಳ ಯಾವಾಗಲೂ ಹೆಸರಿನದು, ಹಕ್ಕಿನದು.

ಮೊದಲು ಈ ಪತ್ರಿಕೆಗಳೆಲ್ಲ ಹುಟ್ಟಿಕೊಂಡ ಮೂಲ ಆಟದ ಪರಿಚಯವಾಗಲಿ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಈ ಬಗೆಯ ಸಾಹಸದಾಟಗಳಿಗೆ ತಾಯಿ. ಪ್ರಕಟಿಸಿದ್ದು ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿನ ಟಿಎಸ್‌ಆರ್ ಸಂಸ್ಥೆ. ಮೇಜಿನ ಸುತ್ತ ನಾಲ್ಕೈದು ಜನ ಕೂರುತ್ತಾರೆ. ಒಬ್ಬ ಕತೆ ನಡೆಸುವವನು, ಉಳಿದವರು ಕತೆಯೊಳಗಿನ ಪಾತ್ರಗಳು. ಬಾಗಿಲು ತೆರೆಯುತ್ತೀಯೋ ಓಡುತ್ತೀಯೋ ಎಂದು ಅವನು ಕೇಳುತ್ತಾನೆ, ಇವರು ಹೇಳುತ್ತಾರೆ, ಇಪ್ಪತ್ತು ಮುಖದ ದಾಳ ಉರುಳುತ್ತದೆ. ನಮ್ಮಲ್ಲಿ ಇದಕ್ಕೆ ತೀರ ಹತ್ತಿರದ್ದು ತಾಳಮದ್ದಳೆ. ವೇಷವಿಲ್ಲ, ರಂಗವಿಲ್ಲ, ಕೂತಲ್ಲೇ ಅರ್ಥಧಾರಿಗಳು ಆ ಕ್ಷಣಕ್ಕೆ ಹೊಳೆದ ಮಾತಿನಲ್ಲಿ ಪಾತ್ರವನ್ನು ಕಟ್ಟುತ್ತಾರೆ. ವ್ಯತ್ಯಾಸವಿಷ್ಟೆ: ತಾಳಮದ್ದಳೆಯಲ್ಲಿ ಪ್ರಸಂಗ ಎಲ್ಲರಿಗೂ ಗೊತ್ತು, ಇಲ್ಲಿ ಅದು ನಡೆಸುವವನಿಗೊಬ್ಬನಿಗೇ ಗೊತ್ತು. ಮತ್ತು ಒಮ್ಮೆ ಆಡಿದ ಪ್ರಸಂಗವನ್ನು ಅದೇ ಗೆಳೆಯರೊಡನೆ ಮತ್ತೆ ಆಡಲಾಗುವುದಿಲ್ಲ.

ಆ ಕೊನೆಯ ವಾಕ್ಯದಲ್ಲೇ ಈ ಪತ್ರಿಕೆಗಳ ವ್ಯವಹಾರವೆಲ್ಲ ಅಡಗಿದೆ. ಪ್ರತಿ ಭಾನುವಾರ ಹೊಸ ಗುಹೆ ಬೇಕು, ಹೊಸ ಶತ್ರು ಬೇಕು, ಹೊಸ ಬೀಗ, ಹೊಸ ಶಾಪ. ಪುಸ್ತಕದಲ್ಲಿ ನಿಯಮಗಳಿವೆ, ಕತೆಯನ್ನು ನಡೆಸುವವನೇ ಕಟ್ಟಬೇಕು. ಹಾಗಾಗಿ ಆಟ ನಡೆಸುವ ಪ್ರತಿಯೊಬ್ಬನೂ ಬೇಕೆಂದೋ ಬೇಡವೆಂದೋ ಲೇಖಕನಾಗಿಬಿಡುತ್ತಾನೆ. ಅವನ ನೋಟ್‌ಬುಕ್ಕಿನಲ್ಲಿ ನಕ್ಷೆಗಳಿರುತ್ತವೆ, ರಾಕ್ಷಸರಿರುತ್ತಾರೆ, ನಾಲ್ಕು ಜನ ಗೆಳೆಯರ ಮೇಲೆ ಪ್ರಯೋಗಿಸಿ ಎಲ್ಲಿ ಸಪ್ಪೆ, ಎಲ್ಲಿ ಖಾರ ಎಂದು ತಿದ್ದಿಕೊಂಡ ಸನ್ನಿವೇಶಗಳಿರುತ್ತವೆ. ಅಡುಗೆ ಪತ್ರಿಕೆಗೋ ಕ್ರೀಡಾ ಪತ್ರಿಕೆಗೋ ಬರಹ ಕಳಿಸುವವನು ಪತ್ರಿಕೆಗೆಂದೇ ಕೂತು ಬರೆಯುತ್ತಾನೆ. ಇಲ್ಲಿ ಹಾಗಲ್ಲ. ಸಾಮಗ್ರಿ ಆಗಲೇ ತಯಾರಾಗಿದೆ, ಖರ್ಚೂ ಆಗಿಹೋಗಿದೆ. ಪತ್ರಿಕೆ ಕೇಳುವುದು ಅದನ್ನು ಚೊಕ್ಕವಾಗಿ ಟೈಪ್ ಮಾಡಿ, ನಕ್ಷೆಯನ್ನು ಶಾಯಿಯಲ್ಲಿ ತಿದ್ದಿ, ಸ್ವವಿಳಾಸ ಬರೆದು ಅಂಚೆಚೀಟಿ ಹಚ್ಚಿದ ಲಕೋಟೆಯ ಜೊತೆ ಕಳಿಸುವ ಕಷ್ಟವನ್ನು ಮಾತ್ರ. ಆ ಲಕೋಟೆಯ ಸಂಕಟ ನಮ್ಮ ವಾರಪತ್ರಿಕೆಗಳಿಗೆ ಕವನ ಕಳಿಸಿದವರಿಗೂ ಗೊತ್ತು.

ಮೊದಮೊದಲು ದುಡ್ಡಿನ ಪ್ರಶ್ನೆಯೇ ಇರಲಿಲ್ಲ. 1975ರ ಜೂನಿನಲ್ಲಿ ಲಾಸ್ ಏಂಜಲೀಸಿನಲ್ಲಿ ಲೀ ಗೋಲ್ಡ್ ಎಂಬಾಕೆ 'ಅಲಾರಮ್ಸ್ ಅಂಡ್ ಎಕ್ಸ್‌ಕರ್ಷನ್ಸ್' ಶುರುಮಾಡಿದರು. ಅಲ್ಲಿನ ವೈಜ್ಞಾನಿಕ ಕಾದಂಬರಿ ಪ್ರಿಯರ ಹಳೆಯ ಕೂಟಪತ್ರಿಕೆಯೊಂದರಲ್ಲಿ ಈ ಹೊಸ ಆಟದ ಮಾತೇ ಹೆಚ್ಚಾಗಿ ಉಳಿದವರು ಗೊಣಗತೊಡಗಿದಾಗ, ಆ ಮಾತಿಗೆಂದೇ ಬೇರೆ ಮನೆ ಮಾಡಿಕೊಟ್ಟಂತೆ. ವ್ಯವಸ್ಥೆ ಸರಳ. ಪ್ರತಿಯೊಬ್ಬ ಲೇಖಕ ತನ್ನ ಪುಟಗಳನ್ನು ತಾನೇ ಬರೆದು ಸಿದ್ಧಪಡಿಸಿ ಕಳಿಸಬೇಕು. ಆಕೆ ಎಲ್ಲವನ್ನೂ ಜೋಡಿಸಿ ಎಲ್ಲರಿಗೂ ಅಂಚೆ ಮಾಡುತ್ತಿದ್ದರು. ಸಂಪಾದಕರ ಕತ್ತರಿ ಇಲ್ಲ, ತಿರಸ್ಕಾರ ಇಲ್ಲ, ಸಂಭಾವನೆಯೂ ಇಲ್ಲ.

ಮತ್ತೆ ಯಾಕೆ ಬರೆದರು? ಈ ಕೂಟಪತ್ರಿಕೆಯ ಒಂದು ಪದ್ಧತಿಯಲ್ಲಿ ಉತ್ತರವಿದೆ. ಲೇಖಕರು ತಮ್ಮ ಪುಟಗಳಲ್ಲಿ ಹಿಂದಿನ ಸಂಚಿಕೆಯ ಉಳಿದ ಲೇಖಕರಿಗೆ ಒಬ್ಬೊಬ್ಬರ ಹೆಸರು ಹಿಡಿದು ಪ್ರತಿಕ್ರಿಯೆ ಬರೆಯುತ್ತಿದ್ದರು. ನೀನು ಮಾಡಿದ ಮಂತ್ರದ ನಿಯಮ ನಮ್ಮ ಮೇಜಿನಲ್ಲಿ ಹೀಗೆ ಕೆಟ್ಟಿತು, ನಿನ್ನ ಸೇತುವೆಯ ಕಾವಲುಗಾರ ನಮ್ಮ ಹುಡುಗರನ್ನು ಮೂರು ಗಂಟೆ ಆಡಿಸಿದ. ಇಂಥ ನಾಲ್ಕು ಸಾಲಿಗೆ ಆಸೆಪಟ್ಟು ಜನ ಪುಟಗಟ್ಟಲೆ ಬರೆದರು. ಮುಂದೆ ಈ ಕ್ಷೇತ್ರದ ದೊಡ್ಡ ವಿನ್ಯಾಸಕರಾದ ಜೊನಾಥನ್ ಟ್ವೀಟ್, ರಾಬಿನ್ ಲಾಸ್, ಸ್ಟೀವ್ ಪೆರಿನ್ ಮುಂತಾದವರು ಇಲ್ಲಿ ಬರೆದು ಪಳಗಿದವರು. ಪತ್ರಿಕೆ ಐವತ್ತು ವರ್ಷ ನಡೆದು 2025ರಲ್ಲಿ ನಿಂತಿತು. ಒಂದು ಪೈಸೆ ಸಂಭಾವನೆ ಕೊಡದೆ ಅರ್ಧ ಶತಮಾನ ಬಾಳಿದ ಪತ್ರಿಕೆಗಳು ಎಷ್ಟಿವೆ?

ಹಾಗೆಂದು ಆ ಕಾಲವನ್ನು ರಾಮರಾಜ್ಯ ಎಂದುಕೊಳ್ಳಬಾರದು. ಈ ಆಟದಲ್ಲಿ 'ಕಳ್ಳ' ಎಂಬ ಪಾತ್ರವರ್ಗವಿದೆ. ಬೀಗ ಮುರಿಯುವುದು, ಸದ್ದಿಲ್ಲದೆ ನಡೆಯುವುದು ಅವನ ವಿದ್ಯೆ. ಅದು ಮೂಲ ಪುಸ್ತಕದಲ್ಲಿ ಇರಲಿಲ್ಲ. ಕ್ಯಾಲಿಫೋರ್ನಿಯದ ಸ್ಯಾಂಟಾ ಮೋನಿಕಾದ ಒಂದು ಹವ್ಯಾಸದಂಗಡಿಯ ಆಟಗಾರರು ಅದನ್ನು ರೂಪಿಸಿಕೊಂಡಿದ್ದರು. 1974ರಲ್ಲಿ ಅಂಗಡಿಯವರು ಫೋನಿನಲ್ಲಿ ಮಾತಾಡುತ್ತ ಗೈಗ್ಯಾಕ್ಸ್‌ಗೆ ಹೇಳಿದರು. ಅವನು ಅದಕ್ಕೆ ತನ್ನದೇ ನಿಯಮ ಹೊಂದಿಸಿ ಒಂದು ಸಣ್ಣ ಆಟದ ಪತ್ರಿಕೆಯಲ್ಲಿ ಬರೆದ. 1975ರ 'ಗ್ರೇಹಾಕ್' ಪುಸ್ತಕದಲ್ಲಿ ಅದು ಅಧಿಕೃತವಾಯಿತು. ಕಳ್ಳನೇ ಕಳುವಾದ ಎಂದು ಹಳೆಯ ಆಟಗಾರರು ಈಗಲೂ ನಗುತ್ತಾರೆ. ಯಾರಲ್ಲೂ ದುರುದ್ದೇಶವಿತ್ತು ಎಂದು ನನಗನ್ನಿಸುವುದಿಲ್ಲ. ಆಗ ಎಲ್ಲರೂ ಎಲ್ಲರಿಂದಲೂ ಎತ್ತಿಕೊಳ್ಳುತ್ತಿದ್ದರು. ಆದರೆ ಒಬ್ಬನ ಕೈಯಲ್ಲಿ ಮಾತ್ರ ಅಚ್ಚುಕೂಟ, ಅಂಗಡಿ, ಟ್ರೇಡ್‌ಮಾರ್ಕು ಇದ್ದಾಗ, ಎಲ್ಲರದೂ ಆದದ್ದು ನಿಧಾನಕ್ಕೆ ಅವನದಾಗುತ್ತದೆ.

ಬ್ರಿಟನ್ನಿನಲ್ಲಿ ಇಯಾನ್ ಲಿವಿಂಗ್‌ಸ್ಟನ್ ಮತ್ತು ಸ್ಟೀವ್ ಜಾಕ್ಸನ್ ಮತ್ತೊಬ್ಬ ಗೆಳೆಯನ ಜೊತೆ 1975ರಲ್ಲಿ ಗೇಮ್ಸ್ ವರ್ಕ್‌ಶಾಪ್ ತೆರೆದರು. ಎರಡು ವರ್ಷದ ಮೇಲೆ, 1977ರ ಬೇಸಿಗೆಯಲ್ಲಿ, 'ವೈಟ್ ಡ್ವಾರ್ಫ್' ಹೊರಬಂತು. ಅದರಲ್ಲಿ 'ಫೀಂಡ್ ಫ್ಯಾಕ್ಟರಿ', ಅಂದರೆ ರಾಕ್ಷಸರ ಕಾರ್ಖಾನೆ ಎಂಬ ಅಂಕಣ. ನಡೆಸುತ್ತಿದ್ದವನು ಡಾನ್ ಟರ್ನ್‌ಬುಲ್. ಓದುಗರು ಕಳಿಸಿದ ಜೀವಿಗಳ ರಾಶಿಯಿಂದ ಹೆಕ್ಕಿ, ನಿಯಮಗಳ ಅಂಕಿಗಳನ್ನು ತಿದ್ದಿ, ಕೆಳಗೆ ಕಳಿಸಿದವರ ಹೆಸರು ಹಾಕಿ ಅಚ್ಚು ಮಾಡುತ್ತಿದ್ದ. ಸ್ಟ್ರಾಸ್‌ನ ಗಿತ್‌ಯಾಂಕಿಗಳು ಹೀಗೇ ಬಂದವು. ಅವುಗಳ ಶತ್ರುಕುಲ ಗಿತ್‌ಜೆರಾಯ್‌ಗಳೂ ಕಪ್ಪೆಮೋರೆಯ ಸ್ಲಾಡ್‌ಗಳೂ ಸತ್ತರೂ ಸಾಯದ ಡೆತ್ ನೈಟ್‌ಗಳೂ ಅವನವೇ. ಒಬ್ಬ ಹುಡುಗ ಇಷ್ಟನ್ನು ಕಳಿಸಿದ್ದಾನೆ ಎಂದರೆ ಅಂಕಣದಲ್ಲಿ ಏನೋ ಸರಿಯಾಗಿತ್ತು ಎಂದೇ ಅರ್ಥ.

ನಾನು ಊಹಿಸುವ ಮಟ್ಟಿಗೆ ಆ ಸರಿಯಾದದ್ದು ಎರಡು. ಒಂದು, ಕೇಳುತ್ತಿದ್ದ ಬರಹ ಗಿಡ್ಡ. ಅರ್ಧ ಪುಟದ ಜೀವಿ. ಹದಿನಾಲ್ಕು ವರ್ಷದವನಿಗೂ ಒಂದು ರವಿವಾರದಲ್ಲಿ ಮುಗಿಯುವಂಥದ್ದು. ಇಪ್ಪತ್ತು ಪುಟದ ಸಾಹಸ ಬರೆಯಿರಿ ಎಂದರೆ ನೂರಕ್ಕೆ ತೊಂಬತ್ತು ಜನ ಪೆನ್ನೇ ಎತ್ತುವುದಿಲ್ಲ. ಎರಡನೆಯದು, ಅಚ್ಚಾದ ಜೀವಿ ಮಾರನೆಯ ವಾರವೇ ಊರೂರಿನ ಮೇಜುಗಳ ಮೇಲೆ ಓಡಾಡುತ್ತಿತ್ತು. ಕವಿತೆ ಅಚ್ಚಾದರೆ ಓದುತ್ತಾರೆ, ಮರೆಯುತ್ತಾರೆ. ರಾಕ್ಷಸ ಅಚ್ಚಾದರೆ ಯಾರೋ ಗುರುತಿಲ್ಲದವರು ಅವನ ಕೈಯಲ್ಲಿ ಪೆಟ್ಟು ತಿಂದು, ಆಮೇಲೆ ಪತ್ರಿಕೆಗೆ ಬೈದು ಬರೆಯುತ್ತಾರೆ. ಯಾವ ಮನಿಯಾರ್ಡರು ಈ ಸುಖ ಕೊಟ್ಟೀತು!

ಅಂಕಣದ ಆಯ್ದ ಜೀವಿಗಳ ಪುಸ್ತಕ 'ಫೀಂಡ್ ಫೋಲಿಯೊ' ಸಿದ್ಧವಾದ ಮೇಲೂ ಪ್ರಕಾಶನದ ವ್ಯವಹಾರದಲ್ಲಿ ಸಿಕ್ಕಿಕೊಂಡು ಕಡೆಗೆ 1981ರಲ್ಲಿ ಟಿಎಸ್‌ಆರ್ ಹೆಸರಿನಲ್ಲಿ ಬಂತು. ಮುಖಪುಟದಲ್ಲಿ ನಿಂತಿರುವುದು ಗಿತ್‌ಯಾಂಕಿಯೇ. ಯಾವ ಜೀವಿ ಯಾರದು ಎಂಬ ಪಟ್ಟಿಯನ್ನೂ ಅದರಲ್ಲಿ ಕೊಟ್ಟಿದ್ದಾರೆ. ಆ ಪಟ್ಟಿ ಹಾಕಿದ ಬುದ್ಧಿಯನ್ನು ಮೆಚ್ಚಬೇಕು. ಅದಿಲ್ಲದಿದ್ದರೆ ಈ ಲೇಖನದ ಮೊದಲ ಪರಿಚ್ಛೇದ ಬರೆಯುವುದು ಕಷ್ಟವಾಗುತ್ತಿತ್ತು.

ಇಲ್ಲೊಂದು ತಮಾಷೆ. ಪುಸ್ತಕ ಬಂದ ವರ್ಷವೇ, ನವೆಂಬರಿನ 'ಡ್ರ್ಯಾಗನ್' 55ನೇ ಸಂಚಿಕೆಯಲ್ಲಿ, ಅದನ್ನು ಚೆನ್ನಾಗಿ ಝಾಡಿಸಿದ ವಿಮರ್ಶೆ ಪ್ರಕಟವಾಯಿತು. ಬರೆದವನು ಬೇರೆ ಯಾರೂ ಅಲ್ಲ, ನಮ್ಮ ಎಡ್ ಗ್ರೀನ್‌ವುಡ್. ಅನೇಕ ಜೀವಿಗಳು ಅರೆಬೆಂದವು, ವಿವರ ಸಾಲದು ಎಂಬುದು ಅವನ ಅಸಮಾಧಾನ. ಅದೇ ಸಂಚಿಕೆಯಲ್ಲಿ ಟರ್ನ್‌ಬುಲ್‌ನ ಉತ್ತರವೂ ಇತ್ತು. ಗಮನಿಸಿ: 'ಡ್ರ್ಯಾಗನ್' ಟಿಎಸ್‌ಆರ್‌ನದೇ ಪತ್ರಿಕೆ, ಪುಸ್ತಕವೂ ಟಿಎಸ್‌ಆರ್‌ನದೇ. ಮನೆಯ ಪುಸ್ತಕವನ್ನು ಮನೆಯ ಪತ್ರಿಕೆಯಲ್ಲೇ ಹೊರಗಿನ ಓದುಗನೊಬ್ಬ ಬೈಯಲು ಬಿಟ್ಟಿದ್ದರು. ಗ್ರೀನ್‌ವುಡ್‌ನಂಥವನಿಗೆ ಇದಕ್ಕಿಂತ ದೊಡ್ಡ ಸಂಭಾವನೆ ಬೇಕಿರಲಿಲ್ಲ. ಅವನು ವರ್ಷಗಟ್ಟಲೆ ಬರೆಯುತ್ತ ಹೋದ. ಬರಹಗಳ ಅಂಚಿನಲ್ಲೆಲ್ಲ ತನ್ನ ಕಲ್ಪನೆಯ ಲೋಕದ ಊರು, ಮಾಂತ್ರಿಕರ ಹೆಸರು ಸುಳಿಯುತ್ತಿದ್ದವು. ಆ ಲೋಕ ಪೂರ್ತಿಯಾಗಿ ನಿನ್ನ ಹತ್ತಿರ ಇದೆಯೇನು ಎಂದು ಟಿಎಸ್‌ಆರ್‌ನವರು ಕಡೆಗೊಮ್ಮೆ ಕೇಳಿದರು. ಇತ್ತು. ನಕ್ಷೆಗಳೂ ಟಿಪ್ಪಣಿಗಳೂ ಕಟ್ಟುಕಟ್ಟಾಗಿ ಅಂಚೆಯಲ್ಲಿ ಹೋದವು. 1987ರಲ್ಲಿ 'ಫರ್ಗಾಟನ್ ರೆಲ್ಮ್ಸ್' ಪೆಟ್ಟಿಗೆ ಮಾರುಕಟ್ಟೆಗೆ ಬಂತು.

ಹೀಗೆ ಓದುಗನನ್ನು ಮೆಟ್ಟಿಲು ಹತ್ತಿಸುವುದೂ ಒಂದು ಪ್ರತಿಫಲವೇ. 1986ರಲ್ಲಿ ಟಿಎಸ್‌ಆರ್ ಶುರುಮಾಡಿದ 'ಡಂಜನ್' ಪತ್ರಿಕೆಯ ತುಂಬ ಓದುಗರು ಕಳಿಸಿದ ಸಾಹಸಗಳೇ. ಪದಕ್ಕೆ ಇಷ್ಟು ಸೆಂಟು ಎಂಬ ಲೆಕ್ಕದಲ್ಲಿ ದುಡ್ಡೂ ಸಿಗುತ್ತಿತ್ತು. (ಪದದ ಲೆಕ್ಕದ ಸಂಭಾವನೆಗೆ ತನ್ನದೇ ರೋಗವಿದೆ: ಕತ್ತಲ ಕೋಣೆ ಎಂದರೆ ಸಾಕಾಗುವಲ್ಲಿ ಕತ್ತಲನ್ನು ಅರ್ಧ ಪುಟ ವರ್ಣಿಸುತ್ತಾರೆ.) 1988ರಲ್ಲಿ ಅದರ 11ನೇ ಸಂಚಿಕೆಯಲ್ಲಿ ಮೊದಲ ಸಾಹಸ ಪ್ರಕಟಿಸಿದ ಕ್ರಿಸ್ ಪರ್ಕಿನ್ಸ್ 1997ರಲ್ಲಿ ಅದೇ ಪತ್ರಿಕೆಯ ಸಂಪಾದಕನಾದ, ಆಮೇಲೆ ಆಟದ ಮುಖ್ಯ ರೂವಾರಿಗಳಲ್ಲಿ ಒಬ್ಬನಾದ. ಆ ಒಂದು ಚೆಕ್ಕಿನ ಮೊತ್ತ ಅವನಿಗೆ ನೆನಪಿರಲಿಕ್ಕೂ ಇಲ್ಲ.

ಹಾಗಾದರೆ ದುಡ್ಡು ಕೊಡುವುದೇ ಬೇಡವೆ? ಇದರ ಬಗ್ಗೆ ಮನಶ್ಶಾಸ್ತ್ರದವರೂ ಅರ್ಥಶಾಸ್ತ್ರದವರೂ ಮಾಡಿದ ಪ್ರಯೋಗಗಳಲ್ಲಿ ಎರಡನ್ನು ಹೇಳಬೇಕು. 1973ರಲ್ಲಿ ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್, ರಿಚರ್ಡ್ ನಿಸ್ಬೆಟ್ ಎಂಬವರು ಪ್ರಕಟಿಸಿದ ಪ್ರಯೋಗದಲ್ಲಿ ಚಿತ್ರ ಬರೆಯುವುದೆಂದರೆ ಪ್ರಾಣ ಎನ್ನುವ ಶಿಶುವಿಹಾರದ ಮಕ್ಕಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ, ಬರೆದರೆ ರಿಬ್ಬನ್ ಕಟ್ಟಿದ ಪ್ರಶಸ್ತಿಪತ್ರ ಕೊಡುತ್ತೇವೆ ಎಂದು ಮೊದಲೇ ಹೇಳಿದರು. ಇನ್ನೊಂದಕ್ಕೆ ಹೇಳದೆ ಕೊನೆಗೆ ಕೊಟ್ಟರು. ಮೂರನೆಯದಕ್ಕೆ ಏನೂ ಇಲ್ಲ. ಕೆಲವು ದಿನದ ಮೇಲೆ ನೋಡಿದರೆ, ಮೊದಲೇ ಆಸೆ ತೋರಿಸಿಕೊಂಡಿದ್ದ ಮಕ್ಕಳಿಗೆ ಮಾತ್ರ ಬಣ್ಣದ ಪೆನ್ನುಗಳ ಮೇಲಿನ ಪ್ರೀತಿ ಇಳಿದಿತ್ತು. ಹೇಳದೆ ಬಹುಮಾನ ಪಡೆದವರ ಉತ್ಸಾಹ ಕುಂದಿರಲಿಲ್ಲ.

ಇನ್ನೊಂದು ಇಸ್ರೇಲಿನದು. ಯೂರಿ ನೀಜಿ, ಆಲ್ಡೊ ರುಸ್ಟಿಕಿನಿ 2000ದಲ್ಲಿ ಬರೆದದ್ದು. ಮನೆಮನೆಗೆ ಹೋಗಿ ಧರ್ಮಕಾರ್ಯಕ್ಕೆ ಚಂದಾ ಎತ್ತುವ ಹೈಸ್ಕೂಲು ಮಕ್ಕಳಲ್ಲಿ ಕೆಲವರಿಗೆ ಬರೀ ಒಂದು ಭಾಷಣ, ಕೆಲವರಿಗೆ ಎತ್ತಿದ್ದರಲ್ಲಿ ನೂರಕ್ಕೆ ಒಂದರಷ್ಟು ಕೂಲಿ, ಕೆಲವರಿಗೆ ನೂರಕ್ಕೆ ಹತ್ತು. ಹೆಚ್ಚು ಎತ್ತಿದವರು ಕೂಲಿಯೇ ಇಲ್ಲದವರು. ಅವರ ಹಿಂದೆ ಹತ್ತರವರು. ಎಲ್ಲರಿಗಿಂತ ಹಿಂದೆ ಬಿದ್ದವರು ಒಂದರವರು. ಸರಿಯಾಗಿ ಕೊಡು, ಇಲ್ಲವಾದರೆ ಕೊಡಲೇಬೇಡ ಎಂಬುದು ಅವರ ತೀರ್ಮಾನ.

ಸಣ್ಣ ಪತ್ರಿಕೆಯ ಸಂಪಾದಕನಿಗೆ ಈ ಎರಡನೆಯದು ತುಂಬ ಅನುಕೂಲದ ಸುದ್ದಿ. ಎಷ್ಟು ಅನುಕೂಲವೆಂದರೆ ಅನುಮಾನ ಪಡಬೇಕು. ಚಂದಾ ಎತ್ತಿದ ಮಕ್ಕಳ ಹಣ ಧರ್ಮಕ್ಕೆ ಹೋಗುತ್ತಿತ್ತು, ಸಂಶೋಧಕರ ಜೇಬಿಗಲ್ಲ. ಪತ್ರಿಕೆಯೂ ನಷ್ಟದಲ್ಲಿ, ಸಂಪಾದಕನೂ ಕೈಯಿಂದ ಹಾಕಿ ನಡೆಸುತ್ತಿರುವಾಗ ಓದುಗ ಬಿಟ್ಟಿ ಬರೆದುಕೊಟ್ಟರೆ ಇಬ್ಬರೂ ಒಂದೇ ಸೇವೆಯಲ್ಲಿದ್ದಾರೆ ಎನ್ನಬಹುದು. ಪತ್ರಿಕೆ ಲಾಭ ಕಾಣತೊಡಗಿದ ದಿನ ಆ ಮಾತು ಮುಗಿಯಿತು. ನಿನ್ನ ಹೆಸರು ನಾಲ್ಕು ಜನಕ್ಕೆ ಗೊತ್ತಾಗುತ್ತದಲ್ಲ ಎಂಬ ಸಮಾಧಾನವನ್ನು ಆಮೇಲೂ ಹೇಳುವವರಿದ್ದಾರೆ. ಪ್ರಿಂಟರಿನವನಿಗೆ, ಕಾಗದದ ವ್ಯಾಪಾರಿಗೆ ಅವರು ಅದೇ ಸಮಾಧಾನ ಹೇಳಿ ನೋಡಲಿ.

ಹಣಕ್ಕಿಂತ ಸಿಕ್ಕಾದದ್ದು ಹಕ್ಕು. 1999ರಲ್ಲಿ 'ಡ್ರ್ಯಾಗನ್'ನ ಮೊದಲ 250 ಸಂಚಿಕೆಗಳನ್ನು ಸಿ.ಡಿ.ಗಳಲ್ಲಿ ತುಂಬಿ ಮಾರಾಟಕ್ಕೆ ಬಿಟ್ಟರು. ಓದುಗರಿಗೆ ಹಬ್ಬ. ಆದರೆ ಆ ಸಂಚಿಕೆಗಳಲ್ಲಿದ್ದ ಎಲ್ಲವನ್ನೂ ಪತ್ರಿಕೆ ಪೂರ್ತಿಯಾಗಿ ಕೊಂಡಿರಲಿಲ್ಲ. ಎಷ್ಟೋ ಬರಹಗಳಿಗೆ ಕೊಂಡದ್ದು ಮೊದಲ ಸಲ ಅಚ್ಚು ಮಾಡುವ ಹಕ್ಕು ಮಾತ್ರ. 'ನೈಟ್ಸ್ ಆಫ್ ದ ಡಿನ್ನರ್ ಟೇಬಲ್' ಎಂಬ ನಗೆಚಿತ್ರಮಾಲೆಯದು ಇದರಲ್ಲಿ ಪ್ರಸಿದ್ಧ ಪ್ರಸಂಗ. ಜಾಲಿ ಬ್ಲ್ಯಾಕ್‌ಬರ್ನ್ ಎಂಬಾತ ತನ್ನದೇ ಸಣ್ಣ ಪತ್ರಿಕೆಯಲ್ಲಿ ಖಾಲಿ ಉಳಿದ ಜಾಗ ತುಂಬಲು ಗೀಚಿದ್ದು ಅದು. ಮುಂದೆ 'ಡ್ರ್ಯಾಗನ್'ನಲ್ಲೂ ಬಂತು. ಸಿ.ಡಿ.ಯಲ್ಲಿ ಅಪ್ಪಣೆಯಿಲ್ಲದೆ ಸೇರಿಸಿದಾಗ ಅದರ ಪ್ರಕಾಶಕರಾದ ಕೆಂಜರ್ ಕಂಪನಿ ಪ್ರಶ್ನಿಸಿತು. ರಾಜಿಯಾಯಿತು. ಅದರ ಫಲವಾಗಿ, ಆ ನಗೆಚಿತ್ರದ ಪಾತ್ರಗಳು ಆಡುವ 'ಹ್ಯಾಕ್‌ಮಾಸ್ಟರ್' ಎಂಬ ಕಾಲ್ಪನಿಕ ಆಟವನ್ನು ಹಳೆಯ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ನಿಯಮಗಳ ಮೇಲೆಯೇ ನಿಜವಾದ ಆಟವಾಗಿ ಹೊರತರುವ ಪರವಾನಗಿ ಕೆಂಜರ್‌ಗೆ ಸಿಕ್ಕಿತು. 2001ರಲ್ಲಿ ಹೊರಬಂದೂಬಿಟ್ಟಿತು. ನಗೆಚಾಟಿಕೆಗೆ ಇಷ್ಟು ದೊಡ್ಡ ಸಂಭಾವನೆ ಬೇರೆಲ್ಲೂ ಸಿಕ್ಕಿದ್ದು ನಾನು ಕೇಳಿಲ್ಲ.

ಅದೇ 2001ರ ಜೂನಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಇಂಥದ್ದೇ ಇನ್ನೊಂದು ವ್ಯಾಜ್ಯದಲ್ಲಿ, 'ನ್ಯೂಯಾರ್ಕ್ ಟೈಮ್ಸ್' ವಿರುದ್ಧ ಟಸೀನಿ ಪ್ರಕರಣದಲ್ಲಿ, ಏಳಕ್ಕೆ ಎರಡರ ಬಹುಮತದಿಂದ ತೀರ್ಪು ಕೊಟ್ಟಿತು. ಪತ್ರಿಕೆಯ ನೌಕರರಲ್ಲದ ಲೇಖಕರು ಕೊಟ್ಟ ಬರಹವನ್ನು ಅವರ ಒಪ್ಪಿಗೆಯಿಲ್ಲದೆ ವಿದ್ಯುನ್ಮಾನ ಸಂಗ್ರಹಕ್ಕೆ ಹಾಕಿ ಮಾರುವಂತಿಲ್ಲ ಎಂಬುದು ಅದರ ಸಾರ. ಹಳೆಯ ಸಂಚಿಕೆಗಳ ಬೆಲೆ ಅರಿವಾಗುವ ಹೊತ್ತಿಗೆ ಅವನ್ನು ಮಾರುವ ದಾರಿ ಇಕ್ಕಟ್ಟಾಗಿತ್ತು. ಇಪ್ಪತ್ತು ವರ್ಷದ ಹಿಂದೆ ಒಂದು ಸ್ಪಷ್ಟವಾದ ಕಾಗದ ಬರೆದುಕೊಂಡಿದ್ದರೆ ಈ ತಲೆನೋವೇ ಇರುತ್ತಿರಲಿಲ್ಲ.

ಈಗ ಗಿತ್‌ಯಾಂಕಿಗೆ ಮರಳಿದರೆ ಕತೆ ಇನ್ನೂ ಸೊಗಸು. ಟಿಎಸ್‌ಆರ್ ಅನ್ನು 1997ರಲ್ಲಿ ವಿಜರ್ಡ್ಸ್ ಆಫ್ ದ ಕೋಸ್ಟ್ ಎಂಬ ಕಂಪನಿ ಕೊಂಡಿತು, ಅದನ್ನು 1999ರಲ್ಲಿ ಹ್ಯಾಸ್‌ಬ್ರೊ ಎಂಬ ಇನ್ನೂ ದೊಡ್ಡ ಕಂಪನಿ ಕೊಂಡಿತು. 2000ದಲ್ಲಿ ವಿಜರ್ಡ್ಸ್‌ನವರು ಆಟದ ನಿಯಮಗಳನ್ನು ಮುಕ್ತ ಪರವಾನಗಿಯಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟರು. ಯಾರು ಬೇಕಾದರೂ ಆ ನಿಯಮಗಳ ಮೇಲೆ ತಮ್ಮ ಸಾಹಸ ಬರೆದು ಮಾರಬಹುದು. ಕೆಲವು ಜೀವಿಗಳನ್ನು ಮಾತ್ರ ಮುಟ್ಟಕೂಡದು, ಅವು ನಮ್ಮ ಕಂಪನಿಯ ಗುರುತು ಎಂದು ಪಟ್ಟಿ ಹಾಕಿದರು. ಆ ಪಟ್ಟಿಯಲ್ಲಿ ಗಿತ್‌ಯಾಂಕಿ, ಗಿತ್‌ಜೆರಾಯ್, ಸ್ಲಾಡ್ ಮೂರೂ ಇವೆ. ಶಾಲಾ ಹುಡುಗ ಅಂಚೆಗೆ ಹಾಕಿದ್ದು ಬಹುರಾಷ್ಟ್ರೀಯ ಕಂಪನಿಯ ಖಾಸಗಿ ಆಸ್ತಿಯಾಯಿತು. ಆದರೆ ಹುಡುಗನೂ ಪೂರ್ತಿ ಸ್ವಂತ ಜಮೀನಿನಲ್ಲಿ ಬಿತ್ತಿರಲಿಲ್ಲ. ಗಿತ್‌ಯಾಂಕಿ ಎಂಬ ಹೆಸರನ್ನು ಅವನು ತೆಗೆದುಕೊಂಡದ್ದು ಜಾರ್ಜ್ ಆರ್. ಆರ್. ಮಾರ್ಟಿನ್ 1977ರಲ್ಲಿ ಬರೆದ 'ಡೈಯಿಂಗ್ ಆಫ್ ದ ಲೈಟ್' ಕಾದಂಬರಿಯಿಂದ. 'ಗೇಮ್ ಆಫ್ ಥ್ರೋನ್ಸ್' ಖ್ಯಾತಿಯ ಮಾರ್ಟಿನ್ನೇ. ಓದುಗ ಕಾದಂಬರಿಯಿಂದ ಎತ್ತಿದ, ಪತ್ರಿಕೆ ಓದುಗನಿಂದ ಪಡೆಯಿತು, ಕಂಪನಿ ಬೇಲಿ ಹಾಕಿತು. ಇದರಲ್ಲಿ ನಿಜವಾದ ಯಜಮಾನ ಯಾರು ಎಂದು ಕೇಳಿದರೆ ನ್ಯಾಯಾಧೀಶರೂ ಕೆಮ್ಮಿಯಾರು.

ದೊಡ್ಡ ಬಹುಮಾನವಿಟ್ಟು ಎಲ್ಲ ಹಕ್ಕನ್ನೂ ಕೊಂಡುಬಿಡುವ ದಾರಿಯನ್ನೂ ವಿಜರ್ಡ್ಸ್‌ನವರು ನೋಡಿದರು. 2002ರಲ್ಲಿ ಹೊಸ ಕಲ್ಪನಾಲೋಕಕ್ಕೆ ಸ್ಪರ್ಧೆ ಕರೆದರು: ಒಂದು ಪುಟದಲ್ಲಿ ನಿಮ್ಮ ಲೋಕವನ್ನು ವಿವರಿಸಿ. ಹನ್ನೊಂದು ಸಾವಿರದಷ್ಟು ಪುಟ ಬಂದವು. ಗೆದ್ದವನು ಕೀತ್ ಬೇಕರ್. ಅವನ 'ಎಬೆರಾನ್' 2004ರಲ್ಲಿ ಪುಸ್ತಕವಾಯಿತು, ಇಂದಿಗೂ ಜನಪ್ರಿಯ. ಅಂತಿಮ ಸುತ್ತಿಗೆ ಬಂದ ಮೂವರಲ್ಲಿ ರಿಚ್ ಬರ್ಲ್ಯೂ ಎಂಬವನೂ ಇದ್ದ. ದುಡ್ಡು ಚೆನ್ನಾಗಿಯೇ ಸಿಕ್ಕಿತು. ಆದರೆ ಆ ಸುತ್ತಿನಲ್ಲಿ ಸೋತ ಲೋಕಗಳ ಹಕ್ಕೂ ಕಂಪನಿಗೇ. ಬರ್ಲ್ಯೂ ಕಟ್ಟಿದ ಲೋಕವನ್ನು ಅವರೂ ಪ್ರಕಟಿಸಲಿಲ್ಲ, ಅವನೂ ಪ್ರಕಟಿಸುವಂತಿಲ್ಲ. ಅವನು ಕಡ್ಡಿಯಂಥ ಗೆರೆಗಳಲ್ಲಿ 'ಆರ್ಡರ್ ಆಫ್ ದ ಸ್ಟಿಕ್' ಎಂಬ ಚಿತ್ರಕತೆ ಶುರುಮಾಡಿ, ಅದರ ಹಕ್ಕನ್ನು ಕೈಯಲ್ಲೇ ಇಟ್ಟುಕೊಂಡ. 2012ರಲ್ಲಿ ಅದರ ಪುಸ್ತಕಗಳ ಮರುಮುದ್ರಣಕ್ಕೆ ಕಿಕ್‌ಸ್ಟಾರ್ಟರಿನಲ್ಲಿ ಓದುಗರನ್ನು ಕೇಳಿದಾಗ ಹನ್ನೆರಡೂವರೆ ಲಕ್ಷ ಡಾಲರು ಬಂತು.

ಓದುಗರಿಗೆ ಬೇರೆಯೇ ಗತಿ ಬಂದದ್ದು 'ವೈಟ್ ಡ್ವಾರ್ಫ್'ನಲ್ಲಿ. ಎಂಬತ್ತರ ದಶಕದ ಕೊನೆಗೆ, ನೂರನೇ ಸಂಚಿಕೆಯ ಸುಮಾರಿಗೆ, ಗೇಮ್ಸ್ ವರ್ಕ್‌ಶಾಪ್ ತನ್ನದೇ ವಾರ್‌ಹ್ಯಾಮರ್ ಆಟ ಮತ್ತು ಬೊಂಬೆಗಳಿಗೆ ಪತ್ರಿಕೆಯನ್ನು ಪೂರ್ತಿ ಮೀಸಲಿಟ್ಟಿತು. ವ್ಯಾಪಾರ ಬೆಳೆಯಿತು. ಪತ್ರಿಕೆ ಈಗಲೂ ಇದೆ. ರಾಕ್ಷಸರ ಕಾರ್ಖಾನೆ ಮಾತ್ರ ಅದಕ್ಕೂ ಮುಂಚೆಯೇ ಬಾಗಿಲು ಹಾಕಿತ್ತು. 'ಡ್ರ್ಯಾಗನ್', 'ಡಂಜನ್' ಎರಡರ ಅಚ್ಚಿನ ಆವೃತ್ತಿಯೂ 2007ರಲ್ಲಿ ನಿಂತವು. 2016ರಿಂದ ವಿಜರ್ಡ್ಸ್‌ನವರ ಪರವಾನಗಿಯಲ್ಲಿ 'ಡಂಜನ್ ಮಾಸ್ಟರ್ಸ್ ಗಿಲ್ಡ್' ಎಂಬ ಮಾರಾಟದ ಕಟ್ಟೆಯೊಂದು ನಡೆಯುತ್ತಿದೆ. ಅಲ್ಲಿ ಯಾರು ಬೇಕಾದರೂ ತಮ್ಮ ಸಾಹಸವನ್ನಿಟ್ಟು ಮಾರಬಹುದು, ಬೆಲೆಯ ಅರ್ಧ ಲೇಖಕರಿಗೆ. ಗಿತ್‌ಯಾಂಕಿಯನ್ನೂ ಬಳಸಿಕೊಳ್ಳಬಹುದು, ಆದರೆ ಆ ಕಟ್ಟೆಯ ಮೇಲೆ ಮಾತ್ರ. ಲೆಕ್ಕ ನೋಡಿದರೆ ಹಳೆಯ ಪತ್ರಿಕೆಗಳಿಗಿಂತ ಉದಾರ. ಕೊರತೆ ಇರುವುದು ಟರ್ನ್‌ಬುಲ್‌ನಂಥವನದು. ರಾಶಿಯಲ್ಲಿ ಕೈಯಾಡಿಸಿ, ಇದು ಬೇಡ, ಇದರ ಬಾಲ ಕತ್ತರಿಸು, ಇದು ಅದ್ಭುತ ಎಂದು ಹೇಳುವವರು ಇಲ್ಲ. ಅಂಗಡಿ ಬಾಡಿಗೆಗೆ ಸಿಕ್ಕಿದೆ, ಸಂಪಾದಕ ಸಿಕ್ಕಿಲ್ಲ.

ಬೆಂಗಳೂರಿನಲ್ಲಿ ಈಗ ಬೋರ್ಡ್ ಗೇಮ್ ಕೆಫೆಗಳಿವೆ, ವಾರಾಂತ್ಯಕ್ಕೆ ಮೇಜು ಕಾಯ್ದಿರಿಸಿ ಈ ಆಟ ಆಡುವ ಗುಂಪುಗಳಿವೆ. ಅವರಲ್ಲಿ ಯಾರಾದರೂ ಸಣ್ಣ ಪತ್ರಿಕೆ ತೆಗೆಯಹೊರಟರೆ, ಬರಹ ಕಳಿಸಿದವರ ಬೆನ್ನಿಗೆ ನಮ್ಮ ಕಾನೂನು ಸಾಕಷ್ಟು ಗಟ್ಟಿಯಾಗಿಯೇ ನಿಲ್ಲುತ್ತದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ವಿಧಿಯಂತೆ ಹಕ್ಕಿನ ವರ್ಗಾವಣೆ ಬರಹದಲ್ಲಿರಬೇಕು, ಕೊಡುವವನ ಸಹಿ ಇರಬೇಕು. ಅವಧಿ ನಮೂದಿಸದಿದ್ದರೆ ಐದು ವರ್ಷ ಎಂದೇ ಲೆಕ್ಕ. ಪ್ರದೇಶ ನಮೂದಿಸದಿದ್ದರೆ ಭಾರತದೊಳಗೆ ಮಾತ್ರ. 2012ರ ತಿದ್ದುಪಡಿ ಇನ್ನೊಂದು ಸೇರಿಸಿದೆ: ಒಪ್ಪಂದದ ಹೊತ್ತಿಗೆ ಬಳಕೆಯಲ್ಲೇ ಇಲ್ಲದ ಮಾಧ್ಯಮಕ್ಕೆ, ಅದರ ಹೆಸರು ಹೇಳಿ ಬರೆಯದ ಹೊರತು, ಆ ಒಪ್ಪಂದ ಅನ್ವಯಿಸುವುದಿಲ್ಲ. ಬರೆದವನು ತನ್ನ ಹೆಸರನ್ನು ಕೇಳುವ ಹಕ್ಕಂತೂ, 57ನೇ ವಿಧಿಯ ಪ್ರಕಾರ, ಕೃತಿಸ್ವಾಮ್ಯವನ್ನು ಮಾರಿದ ಮೇಲೂ ಅವನಲ್ಲೇ ಉಳಿಯುತ್ತದೆ. ಇದನ್ನೆಲ್ಲ ವಕೀಲರ ಭಾಷೆಯಲ್ಲಿ ಬರೆಯಬೇಕಾಗಿಲ್ಲ. 'ನಿಮ್ಮ ರಾಕ್ಷಸ ಆಯ್ಕೆಯಾಗಿದ್ದಾನೆ' ಎಂಬ ಪತ್ರದ ಎರಡನೆಯ ಸಾಲಿನಲ್ಲೇ, ಒಂದು ಸಲ ಅಚ್ಚು ಮಾಡುತ್ತೇವೆ, ಮರುಬಳಕೆಗೆ ಮತ್ತೆ ಕೇಳುತ್ತೇವೆ, ಎರಡು ಪ್ರತಿ ಕಳಿಸುತ್ತೇವೆ, ದುಡ್ಡು ಇಷ್ಟು ಅಥವಾ ದುಡ್ಡಿಲ್ಲ ಎಂದು ಹೇಳಿದರೆ ಮುಗಿಯಿತು.